ಬಾನೆಟ್ ಮೇಲಿನ ಅಂಗೈ

ನಾನು ಒಂದು ಕಡುನೀಲಿ ಕಾರು. ಕಾರ್ಖಾನೆಯಲ್ಲಿ ಹುಟ್ಟಿದಾಗ ನನಗೆ ಮೂರು ಸಲ ಬಳಿದರು. ಮೊದಲು ಬೂದು, ಆಮೇಲೆ ನೀಲಿ, ಕೊನೆಗೆ ಗಾಜಿನಂಥ ಒಂದು ತೆಳು ಲೇಪ. ಆ ಮೂರನೆಯದು ಯಾರ ಕಣ್ಣಿಗೂ ಕಾಣುವುದಿಲ್ಲ. ಆದರೆ ನನಗೆ ಬಿಸಿಲು ತಾಗುವುದು, ಮಳೆ ತಿಳಿಯುವುದು, ಯಾರ ಕೈ ಯಾವುದೆಂದು ಗೊತ್ತಾಗುವುದು ಎಲ್ಲ ಅದರಿಂದಲೇ.

ನನ್ನನ್ನು ಕೊಂಡವರು ಕಾರವಾರದ ಮಾಧವ ತಳೇಕರ. ಅವರಿಗೆ ಬ್ಯಾಟರಿ ರಿಪೇರಿಯ ಅಂಗಡಿ ಇತ್ತು. ಒಂದು ಮಧ್ಯಾಹ್ನ ಬ್ಯಾಟರಿಯ ಆಸಿಡ್ ಅವರ ಕೈಮೇಲೆ ಚೆಲ್ಲಿತು. ತೊಳೆಯಲು ನಲ್ಲಿಯ ಕಡೆ ಹೊರಟವರು ನಡುವೆ ನಿಂತರು, ಎದೆ ಹಿಡಿದುಕೊಂಡರು, ಒದ್ದೆ ಕೈಯನ್ನು ನನ್ನ ಬಾನೆಟ್ ಮೇಲೆ ಊರಿದರು. ಮೈಯ ಭಾರವೆಲ್ಲ ಆ ಕೈಯಲ್ಲಿತ್ತು. ಆಮೇಲೆ ಕೈ ಎದ್ದಿತು, ಅವರು ಬಿದ್ದರು.

ಸಾವಿನ ಕಾರ್ಯಗಳೆಲ್ಲ ಮುಗಿದ ಮರುದಿನ ಮುಂಜಾನೆ ಅವರ ಹೆಂಡತಿ ಕುಂದಾಬಾಯಿ ನನ್ನ ಹತ್ತಿರ ಬಂದರು. ನನ್ನ ಮೈತುಂಬ ಇಬ್ಬನಿ. ಬಾನೆಟ್ ಮೇಲೆ ಒಂದು ಕಡೆ ಮಾತ್ರ ಅದು ಬೇರೆ ಥರ ಕೂತಿತ್ತು. ಐದು ಬೆರಳು, ಒಂದು ಅಂಗೈ. ಆ ಕಾಣದ ಲೇಪವನ್ನು ಆಸಿಡ್ ಕೈಯ ಆಕಾರದಲ್ಲೇ ತಿಂದಿತ್ತು. ಕುಂದಾಬಾಯಿ ಕೂಗಲಿಲ್ಲ. ಸೆರಗು ಸರಿಮಾಡಿಕೊಂಡರು.

"ಪಾಲಿಶ್ ಹೊಡೆಸಿದರೆ ಕಲೆ ಹೋಗ್ತದೆ ವೈನಿ," ಎಂದಳು ನಾದಿನಿ ಶೋಭಾ.

"ಹೋಗಬಾರದು," ಎಂದರು ಕುಂದಾಬಾಯಿ.

ಅಂದಿನಿಂದ ನನಗೆ ಯಾರೂ ಬಟ್ಟೆ ತಾಗಿಸಲಿಲ್ಲ. ಉಜ್ಜಿದರೆ ಗಂಡನ ಕೈ ಅಳಿದೀತೆಂಬ ಹೆದರಿಕೆ. ತೊಳೆಯದೆ ಬಿಟ್ಟರೆ ಕಡಲಿನ ಉಪ್ಪುಗಾಳಿ ತಿಂದೀತೆಂಬ ಹೆದರಿಕೆ. ಹೆದ್ದಾರಿ ಬದಿಯಲ್ಲಿ ಆಟೊಮ್ಯಾಟಿಕ್ ಕಾರ್ ವಾಶ್ ತೆರೆದಾಗ ಅದರ ಬೋರ್ಡು ಅವರಿಗೆಂದೇ ಬರೆದ ಹಾಗಿತ್ತು: "ಯಾರ ಕೈಯೂ ತಾಗುವುದಿಲ್ಲ. ವ್ಯಾಕ್ಸ್ ಹಾಕಿಸಿ, ಬಣ್ಣ ಉಳಿಸಿ." ಪ್ರತಿ ಶನಿವಾರ ಹೋದೆವು.

"ಅಣ್ಣ ಇದ್ದಾಗ ಅವನಿಗೂ ಇಷ್ಟು ಸ್ನಾನ ಮಾಡಿಸಿರಲಿಲ್ಲ ನೀವು!" ಎಂದು ಶೋಭಾ ನಗುತ್ತಿದ್ದಳು. ಕುಂದಾಬಾಯಿಯೂ ನಗುತ್ತಿದ್ದರು.

ಆ ಯಂತ್ರದೊಳಗೆ ಹಗಲಲ್ಲೂ ಮಬ್ಬುಗತ್ತಲೆ. ಆಳೆತ್ತರದ ಬ್ರಷ್‌ಗಳು ತಿರುಗುತ್ತ ಬಂದು ನನ್ನ ಮೇಲೆ ಬೀಳುತ್ತಿದ್ದವು. ಕುಂದಾಬಾಯಿ ನನ್ನೊಳಗೇ ಕೂತು, ಬಾನೆಟ್ ಕಡೆ ನೋಡುತ್ತ ಮೆಲ್ಲಗೆ ಹೇಳುತ್ತಿದ್ದರು: "ಸ್ವಲ್ಪ ತಡ್ಕೊಳ್ಳಿ. ಸೋಪು ಅಷ್ಟೆ." ಆಗ ನನ್ನ ಮುಂಭಾಗ ತುಸು ಕುಸಿಯುತ್ತಿತ್ತು, ಯಾರೋ ಅಂಗೈ ಊರಿದ ಹಾಗೆ. ಬ್ರಷ್ಷಿನ ಭಾರ ನನಗೆ ಗೊತ್ತು. ಇದು ಅದಲ್ಲ.

ಕೊನೆಗೆ ವ್ಯಾಕ್ಸ್ ಎಂಬ ಮೇಣ ಮಂಜಿನಂತೆ ಇಳಿಯುತ್ತಿತ್ತು. ಹೊರಗೆ ಬಂದರೆ ನಾನು ಫಳಫಳ. ನೀರು ಮುತ್ತುಮುತ್ತಾಗಿ ಉರುಳುತ್ತಿತ್ತು. ಕುಂದಾಬಾಯಿ ನಂಬಿದರು. ನನಗೆ ಮಾತ್ರ ಗೊತ್ತಿತ್ತು, ಆ ವ್ಯಾಕ್ಸ್ ನಾಲ್ಕು ಮಳೆ ತಡೆಯದು. ಅದು ನೀರನ್ನು ಜಾರಿಸುತ್ತಿತ್ತು, ಬ್ರಷ್ಷನ್ನಲ್ಲ. ನನಗಿಂತ ಮುಂಚೆ ಹೋದ ಜೀಪಿನ ಮರಳು ಬ್ರಷ್ಷಿನಲ್ಲೇ ಉಳಿದು, ಆ ಕೈಯ ಸುತ್ತಲಿನ ಲೇಪವನ್ನೂ ಕೆರೆಯುತ್ತಿತ್ತು. ಹೇಳಲು ನನಗೆ ಬಾಯಿಲ್ಲ.

ಎರಡನೆಯ ವರ್ಷದ ಇಬ್ಬನಿಯಲ್ಲಿ ಕಿರುಬೆರಳು ಕಾಣಲಿಲ್ಲ. ಆಮೇಲೆ ಉಂಗುರದ ಬೆರಳು ಹೋಯಿತು. ಕುಂದಾಬಾಯಿ ಗಾಬರಿಯಾಗಿ ವಾರಕ್ಕೆ ಎರಡು ಸಲ ಒಯ್ಯತೊಡಗಿದರು. ಹೆಬ್ಬೆರಳೂ ಮಸುಕಾದ ದಿನ, ಯಂತ್ರ ನಡೆಸುವ ರೊಸಾರಿಯೊನನ್ನು ಕೇಳಿದರು.

"ಖರೆ ಹೇಳು, ಈ ವ್ಯಾಕ್ಸ್ ಕಾಪಾಡ್ತದಾ?"

ಅವನು ಬಗ್ಗಿ, ಬಿಸಿಲಿಗೆ ಓರೆಯಾಗಿ ಬಾನೆಟ್ ನೋಡಿದ. ಜೇಡರ ಬಲೆಯಂಥ ಸಾವಿರ ಗೀರು.

"ಹೊಳಪು ಒಂದೆರಡು ವಾರ ಇರ್ತದೆ ಬಾಯಿ. ಕಾಪಾಡೋದೆಲ್ಲ ಬೋರ್ಡಿನ ಮಾತು. ಇಷ್ಟು ಸಲ ತರಬಾರದಿತ್ತು ನೀವು. ನನ್ನ ಗಾಡಿ ನಾನು ಮನೆಯಲ್ಲಿ ಮೆತ್ತಗಿನ ಬಟ್ಟೆ ಹಿಡಿದು ಕೈಯಲ್ಲೇ ತೊಳೀತೇನೆ."

"ಹಾಗಾದರೆ ಅವರನ್ನು ನಾನೇ ಅಳಿಸಿದೆನಾ?"

ರೊಸಾರಿಯೊಗೆ ಅರ್ಥವಾಗಲಿಲ್ಲ. ಕುಂದಾಬಾಯಿ ಸ್ಟೇರಿಂಗ್ ತಿರುಗಿಸಿ ನನ್ನನ್ನು ಸಾಲಿನಿಂದ ಹೊರಗೆ ತಂದರು. ಹಿಂದಿನ ಗಾಡಿಗಳು ಹಾರ್ನ್ ಹೊಡೆದವು.

ಆಮೇಲೆ ಅವರು ನನ್ನನ್ನು ಹೊರಗೆ ಒಯ್ಯಲಿಲ್ಲ. ನಿಂತಲ್ಲೇ ನಿಂತು ನನ್ನ ತಳ ತುಕ್ಕು ಹಿಡಿದು ಉದುರಿತು. ಗುಜರಿಯ ಮುಸ್ತಫಾ ಬಂದಾಗ ಕುಂದಾಬಾಯಿ ಒಂದೇ ಷರತ್ತು ಹಾಕಿದರು. ಬಾನೆಟ್ ಬಿಚ್ಚಿ ಮನೆಯೊಳಗೆ ಇಡಬೇಕು.

"ಬಾನೆಟ್ ಇಲ್ಲದೆ ಇದು ತಲೆ ಇಲ್ಲದ ಕೋಳಿ, ಬಾಯಿ!"

"ಕೋಳಿ ನೀನು ತಗೊಂಡು ಹೋಗು. ತಲೆ ನನಗಿರಲಿ."

ಈಗ ನಾನು ಗುಜರಿಯ ಮೂಲೆಯಲ್ಲಿದ್ದೇನೆ. ಎಂಜಿನ್ ಮೇಲೆ ನೇರ ಮಳೆ ಬೀಳುತ್ತದೆ. ಆ ವ್ಯಾಕ್ಸಿನ ಹೊಳಪು ನೋಡಿ ಎಲ್ಲರೂ ನಾನು ಚೆನ್ನಾಗಿದ್ದೇನೆ ಎಂದಿದ್ದರು. ನಾನು ಸವೆದದ್ದು ಆ ಹೊಳಪಿನ ಅಡಿಯಲ್ಲೇ.

ಆದರೂ ಪ್ರತಿ ಮುಂಜಾನೆ, ನನ್ನ ಬಳಿ ಇಲ್ಲದ ಆ ಬಾನೆಟ್ ಮೇಲೆ ಒಂದು ಅಂಗೈ ಬಂದು ಕೂರುತ್ತದೆ. ಸಣ್ಣದು, ಬೆಚ್ಚಗಿನದು, ಕುಂದಾಬಾಯಿಯದು. ಸ್ವಲ್ಪ ಹೊತ್ತಿಗೆ ಅದರ ಪಕ್ಕದಲ್ಲಿ ಇನ್ನೊಂದು ಊರುತ್ತದೆ. ತಣ್ಣಗಿನದು.

ಅದಕ್ಕೆ ಐದು ಬೆರಳೂ ಇವೆ.