ಬೋಳಿಸಿದ ಹಿತ್ತಿಲು

ಒಂದು ಕಾಲಕ್ಕೆ ಕ್ಷೌರಿಕನ ಹಿತ್ತಿಲ ಹುಲ್ಲು ಎಷ್ಟು ಮೆತ್ತಗಿತ್ತೆಂದರೆ, ಬೆನ್ನುನೋವಿನ ಮೋಡವೊಂದು ಕೆಳಗಿಳಿದು ಎರಡು ದಿನ ಅಲ್ಲೇ ಮಲಗಿ, ಹಗುರಾಗಿ ಮೇಲೆ ಹೋಯಿತು. ನಂಬದವರು ಆ ಮೋಡವನ್ನೇ ಕೇಳಬಹುದು. ಆಮೇಲೆ ಪ್ರತಿ ಭಾನುವಾರ ಫೋನಿನಲ್ಲಿ ಕ್ಷೌರಿಕ ಹೆಂಡತಿಗೆ ಒಪ್ಪಿಸುತ್ತಿದ್ದ ಹುಲ್ಲಿನ ವರದಿಯ ಮುಂದೆ ಇದು ತೀರಾ ಸಾಧಾರಣ.

ಅವಳು ತಂಗಿಯ ಮನೆಗೆ ಹೋಗಿ ನಾಲ್ಕನೆಯ ವರ್ಷ. ಹಿಂದೆ ಸಂಜೆಯಾದರೆ ಇಬ್ಬರೂ ಆ ಹುಲ್ಲಿನ ಮೇಲೆ ಕಾಲು ಚಾಚಿ ಕೂರುತ್ತಿದ್ದರು. ಆಮೇಲೆ ಅವನು ಅಂಗಡಿಯ ಮುರುಕು ಕುರ್ಚಿ, ಒಡಕು ಕನ್ನಡಿ, ತುಕ್ಕು ಡಬ್ಬಗಳನ್ನೆಲ್ಲ ಅಲ್ಲೇ ಒಟ್ಟತೊಡಗಿದ; ರಾಶಿ ಬೆಳೆದು ಸೂರ್ಯನೇ ಸುತ್ತು ಬಳಸಿ ಹೋಗಬೇಕಾಯಿತು. ಅವಳು ಹೇಳಿ ಹೇಳಿ ಸೋತಳು. ಒಂದು ದಿನ ಚೀಲ ಹೆಗಲಿಗೇರಿಸಿ, "ಹಿತ್ತಿಲಲ್ಲಿ ನನಗೆ ಕೂರೋಕೆ ಜಾಗ ಆದ್ಮೇಲೆ ಹೇಳಿ, ಬರ್ತೀನಿ," ಎಂದು ಹೊರಟೇಬಿಟ್ಟಳು.

ಮರುವಾರವೇ ಅವನು ರಾಶಿ ಎತ್ತಿದ; ಅಡಿಯ ಹುಲ್ಲೆಲ್ಲ ಸತ್ತು ಬರಿನೆಲವಾಗಿತ್ತು. ಪಾತಾಳದವರು "ಯಾರಪ್ಪಾ ಅದು?" ಎಂದು ಕೂಗುವಷ್ಟು ನೆಲ ಅಗೆದ. ಬೀಜ ಚೆಲ್ಲಿದ, ನೀರು ಹಾಕಿದ. ಹುಲ್ಲು ಬೆರಳುದ್ದ ಬಂತು. ಅಲ್ಲಿ ಕಸುಬು ಕೈಕೊಟ್ಟಿತು. ಬೋಳಿಸಿದಷ್ಟೂ ಕೂದಲು ದಟ್ಟವಾಗುತ್ತದೆಂದು ಮೂವತ್ತು ವರ್ಷ ಗಿರಾಕಿಗಳಿಗೆ ಹೇಳಿಕೊಂಡು ಬಂದವನು, ಮಂಡಿಯೂರಿ ಎಳೆ ಹುಲ್ಲನ್ನು ಬುಡಕ್ಕೆ ಕತ್ತರಿಸಿದ. ಉಳಿದ ಮೋಟನ್ನು ಕ್ಷೌರದ ಕತ್ತಿಯಿಂದ ನುಣ್ಣಗೆ ಹೆರೆದ. ಹದಿನೈದು ದಿನಕ್ಕೆ ಎಲ್ಲ ಒಣಗಿತು.

ಎರಡನೆಯ ವರ್ಷ ಗೊಬ್ಬರ ಹೆಚ್ಚಿಸಿ, ಇನ್ನೂ ನುಣ್ಣಗೆ ಬೋಳಿಸಿದ. ಮೂರನೆಯ ವರ್ಷ ಹೊಸ ಕತ್ತಿ ತಂದ. ಹುಲ್ಲು ಒಣಗುತ್ತಲೇ ಹೋಯಿತು; ಫೋನಿನಲ್ಲಿ ಅವನು ಹೇಳುತ್ತಿದ್ದುದೇ ಬೇರೆ.

"ರತ್ನಗಂಬಳಿ ಕಣೇ! ವಾರಕ್ಕೊಂದ್ಸಲ ಟ್ರಿಮ್ ಮಾಡ್ತೀನಿ. ದಿಂಬಿಗೆ ತುಂಬೋಕೆ ಎರಡು ಹಿಡಿ ಕೊಡಿ ಅಂತ ಬೀದಿಯವರೆಲ್ಲ ಗೇಟ್ ಹತ್ರ ಸಾಲು ನಿಂತಿದಾರೆ."

"ಹೌದಾ? ಹಾಗಾದ್ರೆ ಬರ್ಲಾ?"

ಅವನು ಬರಿನೆಲದತ್ತ ನೋಡುತ್ತಿದ್ದ. "ಈಗ್ಲೇ ಬೇಡ. ಬೇರು ಹಿಡೀಲಿ."

"ಮೂರು ವರ್ಷದಿಂದ ಬೇರು ಹಿಡೀತಾನೇ ಇದೆ. ಎಲ್ಲೀವರೆಗೆ ಹೋಗುತ್ತಂತೆ?"

ಮೊದಮೊದಲು ಅವಳು ನಗುತ್ತಿದ್ದಳು. ಆಮೇಲೆ "ಬರ್ಲಾ" ಎಂದು ಕೇಳುವುದನ್ನೇ ಬಿಟ್ಟಳು. ಫೋನ್ ಇಟ್ಟವನು ಹಿತ್ತಿಲ ಬಾಗಿಲಲ್ಲಿ ಕೂತು, ಅವಳು ಕಾಲು ಚಾಚುತ್ತಿದ್ದ ಜಾಗವನ್ನೇ ಕತ್ತಲಾಗುವವರೆಗೂ ನೋಡುತ್ತಿದ್ದ.

ನಾಲ್ಕನೆಯ ವರ್ಷ ಅವನಿಗೆ ಕತ್ತರಿ ಎತ್ತುವ ಮನಸ್ಸೇ ಬರಲಿಲ್ಲ. ಮಳೆ ಬಂತು, ಹೋಯಿತು. ಫೋನಿನಲ್ಲೂ ಹುಲ್ಲಿನ ಸುದ್ದಿ ನಿಂತಿತು. ಜಂಬವಿಲ್ಲದ ಎರಡು ಭಾನುವಾರ ಕಳೆದವೋ ಇಲ್ಲವೋ, ಮಂಗಳವಾರ ಮಧ್ಯಾಹ್ನ ಅವಳು ಹೇಳದೆ ಕೇಳದೆ ಬಂದು, ಚೀಲವನ್ನೂ ಇಳಿಸದೆ ಹಿತ್ತಿಲಿಗೆ ನಡೆದಳು. ಅಲ್ಲಿ ಮೊಣಕಾಲೆತ್ತರದ ಹುಲ್ಲು. ನಡುನಡುವೆ ತೇಪೆ ಹಾಕಿದಂತೆ ಬರಿನೆಲ.

ಅವನು ಓಡಿ ಬಂದ. "ನೋಡು! ಒಂದೊಂದು ಎಸಳನ್ನೂ ಬಾಚಿ, ಬೈತಲೆ ತೆಗೆದು, ನಿನ್ನೆ ತಾನೇ ಟ್ರಿಮ್ ಮಾಡಿ..."

ಅವಳು ಬಗ್ಗಿ ಒಂದು ಎಸಳು ಕಿತ್ತು ಅವನ ಮೂಗಿನ ಮುಂದೆ ಹಿಡಿದಳು. ತುದಿಯಲ್ಲಿ ಪುಟ್ಟ ತೆನೆ ತೂಗುತ್ತಿತ್ತು. "ನಾನು ಕ್ಷೌರಿಕನ ಹೆಂಡತಿ. ಕತ್ತರಿ ಮುಟ್ಟಿದ ತುದಿ ಹೇಗಿರುತ್ತೆ ಅಂತ ನನಗೇ ಹೇಳ್ಕೊಡ್ತೀರಾ?"

ಅವನು ಆ ಎಸಳನ್ನು ಅವಳ ಕೈಯಿಂದ ತೆಗೆದುಕೊಂಡ.

"ಮೂರು ವರ್ಷ ಒಂದೆಸಳೂ ಉಳೀಲಿಲ್ಲ ಕಣೇ. ನಾನೇ ಬೋಳಿಸಿ ಬೋಳಿಸಿ ಸಾಯಿಸ್ದೆ. ಈ ವರ್ಷ ಏನೂ ಮಾಡ್ಲಿಲ್ಲ, ಬಾಗಿಲಲ್ಲಿ ಸುಮ್ನೆ ಕೂತಿದ್ದೆ, ಅದು ತಾನಾಗೇ ಬಂತು. ನೀನು ಬರ್ಲಾ ಅಂದಾಗೆಲ್ಲ 'ಇವತ್ತೇ ಬಾ' ಅನ್ನೋದು ನಾಲಿಗೆ ತುದಿವರೆಗೂ ಬರೋದು. ಬರಿನೆಲ ನೋಡಿ ವಾಪಸ್ ಹೋಗ್ಬಿಡ್ತೀಯೇನೋ ಅಂತ ಭಯ."