ಹಿಡಿಯಕ್ಕಿ ಕೇರಿದ ಮೊರ

ನಾನು ಒಂದು ಮೊರ. ಗುಬ್ಬಿಯ ಮೇದರ ಕೇರಿಯಲ್ಲಿ, ತಿಮ್ಮಕ್ಕ ಎಂಬಾಕೆಯ ತೊಡೆಯ ಮೇಲೆ ಹುಟ್ಟಿದೆ. ಅದಕ್ಕೂ ಮೊದಲು ನಾನು ಬಿದಿರಾಗಿದ್ದೆನಂತೆ. ಆ ಕಾಲ ನನಗೆ ನೆನಪಿಲ್ಲ. ನೆನಪಿರುವುದು ನನ್ನನ್ನು ಸೀಳುತ್ತಿದ್ದ ಕತ್ತಿಯ ಸದ್ದು, ನೀರಲ್ಲಿ ನೆನೆದ ಸೀಳುಗಳ ತಂಪು, ಒಂದರ ಮೇಲೊಂದು ಒಂದರ ಕೆಳಗೊಂದು ಎಂದು ನೇಯುತ್ತಿದ್ದ ಅವಳ ಒರಟು ಬೆರಳುಗಳು. ನೇಯುವಾಗ ತಿಮ್ಮಕ್ಕ ಮಾತಾಡುತ್ತಿರಲಿಲ್ಲ. ಅಂಚು ಕಟ್ಟಿ ಮುಗಿದ ಮೇಲೆ ನನ್ನನ್ನು ಬೆಳಕಿಗೆ ಹಿಡಿದು, "ಹೂಂ, ಪರ್ವಾಗಿಲ್ಲ" ಎಂದಳು. ನಾನು ಕೇಳಿದ ಮೊದಲ ಹೊಗಳಿಕೆ ಅದು.

ಸಂತೆಯ ದಿನ ನನ್ನನ್ನು ಕೊಂಡವರು ಕೃಪಾವತಮ್ಮ. ಆಗಲೇ ತಲೆ ಅರ್ಧ ನೆರೆತಿತ್ತು. ಬಿಳಿ ಸೀರೆ, ಕೈಯಲ್ಲೊಂದು ಬಟ್ಟೆ ಚೀಲ. ತಿಮ್ಮಕ್ಕ ಅವರನ್ನು ವಿಚಿತ್ರವಾಗಿ ನೋಡಿದಳು.

"ಬಾಗಿನಕ್ಕಾದ್ರೆ ಜೋಡಿ ತಗೊಳ್ಳಿ ಅಮ್ಮ. ಒಂಟಿ ಮೊರ ತಗೋತಾರಾ ಯಾರಾನ?"

"ಬಾಗಿನಕ್ಕಲ್ಲ ಕಣವ್ವ. ಇನ್ನೂರು ಜನರ ಊಟಕ್ಕೆ."

"ಇನ್ನೂರು ಜನಕ್ಕಾ! ಮದ್ವೆನಾ?"

"ಮದ್ವೆಗಿಂತ ಜೋರು. ಐದು ದಿನ."

ಮನೆಗೆ ಬಂದ ಮೇಲೆ ನೆನೆಸಿದ ಮೆಂತ್ಯವನ್ನೂ ಹಳೆಯ ಕಾಗದವನ್ನೂ ಒಟ್ಟಿಗೆ ರುಬ್ಬಿ, ನನ್ನ ಒಳಗೂ ಹೊರಗೂ ಬಳಿದು ಒಣಗಿಸಿದರು. ನನ್ನ ಸಂದುಗಳೆಲ್ಲ ಮುಚ್ಚಿಹೋದವು. ಹಾಗೆ ತಯಾರಾಗಿ ನಾನು ಹುಣಸೆತೋಪಿನ ಕೂಟಕ್ಕೆ ಹೋದೆ.

ಹುಣಸೆತೋಪು ಊರಿನಿಂದ ಎರಡು ಮೈಲಿ ದೂರದಲ್ಲಿದೆ. ಸುತ್ತಲಿನ ಹತ್ತಾರು ಹಳ್ಳಿಗಳ ಕ್ರೈಸ್ತ ಸಭೆಯವರು ಪ್ರತಿ ವರ್ಷ ಮೇ ತಿಂಗಳಲ್ಲಿ ಐದು ದಿನ ಅಲ್ಲಿ ಬಂದು ಇರುತ್ತಾರೆ. ಹಾಸಿಗೆ ಸುರುಳಿ, ಮಕ್ಕಳು, ಬಕೆಟ್ಟು, ಹಾಡಿನ ಪುಸ್ತಕ ಎಲ್ಲವನ್ನೂ ಹೊತ್ತು ಬರುತ್ತಾರೆ. ಗರಿ ಹೊದಿಸಿದ ಚಪ್ಪರದಲ್ಲಿ ಬೆಳಿಗ್ಗೆ ಸಂಜೆ ಹಾಡು, ಪ್ರಾರ್ಥನೆ, ಬೋಧನೆ. ಅಲ್ಲಿ ಕೂಲಿಗೆ ದುಡಿಯುವವರು ಯಾರೂ ಇಲ್ಲ. ನೀರು ಸೇದುವವರು, ಸೌದೆ ಒಡೆಯುವವರು, ಎಲೆ ಎತ್ತುವವರು, ಪಾಯಿಖಾನೆ ತೊಳೆಯುವವರು ಎಲ್ಲ ಸಭೆಯವರೇ. ಊರಿನಲ್ಲಿ ಮೇಷ್ಟ್ರಾದವರೂ ಅಲ್ಲಿ ಪೊರಕೆ ಹಿಡಿಯಬೇಕು.

ಊಟದ ಅಕ್ಕಿ ಕೊಂಡು ತಂದದ್ದಲ್ಲ, ಹಿಡಿಯಕ್ಕಿ. ವರ್ಷವಿಡೀ ಒಲೆಗೆ ಅಕ್ಕಿ ಇಡುವ ಮೊದಲು ಪ್ರತಿ ಮನೆಯ ತಾಯಿ ಒಂದು ಹಿಡಿ ತೆಗೆದು ಬೇರೆ ಮಡಕೆಗೆ ಹಾಕುತ್ತಾಳೆ. ಕೂಟದ ಹಿಂದಿನ ದಿನ ಎಲ್ಲರೂ ಅದನ್ನು ತಂದು ಒಂದೇ ಜಮಖಾನೆಯ ಮೇಲೆ ಸುರಿಯುತ್ತಾರೆ. ಹೆಸರು ಬರೆಯುವುದಿಲ್ಲ, ಅಳೆಯುವುದಿಲ್ಲ. ಸುರಿಯುವಾಗ ಪಕ್ಕದಲ್ಲಿ ನಿಂತವರು ಬೇರೆ ಕಡೆ ನೋಡಬೇಕೆಂಬುದು ಹಿರಿಯರು ಮಾಡಿದ ಪದ್ಧತಿ. ಸಣ್ಣಕ್ಕಿ, ದಪ್ಪಕ್ಕಿ, ರೇಷನ್ ಅಕ್ಕಿ, ನುಚ್ಚು ಎಲ್ಲ ಬೆರೆತು ಒಂದು ರಾಶಿಯಾಗುತ್ತದೆ. ಅಂಥ ಅಕ್ಕಿಯ ಅನ್ನ ಒಂದು ಕಡೆ ಮುದ್ದೆ, ಒಂದು ಕಡೆ ಬಿರುಸು. ಅಡುಗೆಯ ದಾನಪ್ಪ ಪ್ರತಿ ವರ್ಷ ಕೊಪ್ಪರಿಗೆಯ ಮುಂದೆ ನಿಂತು, "ಇದು ಅನ್ನ ಅಲ್ಲ, ಸಭೆ" ಎನ್ನುತ್ತಿದ್ದ. ಎಲ್ಲರೂ ನಗುತ್ತಾ ಉಣ್ಣುತ್ತಿದ್ದರು.

ಆ ರಾಶಿಯನ್ನು ಏಳೆಂಟು ಹೆಂಗಸರು ಕೇರಿ ಕೊಡುತ್ತಿದ್ದರು. ಕೊನೆಯದಾಗಿ ಅಷ್ಟೂ ಅಕ್ಕಿ ಕೃಪಾವತಮ್ಮನ ಕೈಗೆ, ಎಂದರೆ ನನ್ನ ಮಡಿಲಿಗೆ ಬರಬೇಕು. ನನ್ನನ್ನು ದಾಟದೆ ಒಂದು ಕಾಳೂ ಕೊಪ್ಪರಿಗೆಗೆ ಹೋಗುತ್ತಿರಲಿಲ್ಲ. ಹೊಟ್ಟು ಹಾರಿ ಹೋಗುವುದು, ನೆಲ್ಲು ಮುಂದಕ್ಕೆ ಬರುವುದು, ಕಲ್ಲು ಹಿಂದೆ ಉಳಿಯುವುದು. ಯಾವುದೋ ಮನೆಯಲ್ಲಿ ಈ ವರ್ಷ ಕಷ್ಟ ಎಂಬುದು ಅಕ್ಕಿಯಲ್ಲಿ ಗೊತ್ತಾಗುತ್ತದೆ. ರಾಶಿಯ ಒಂದು ಕಡೆ ಹುಳುಹಿಡಿದ ನುಚ್ಚು ಕಂಡರೆ ಕೃಪಾವತಮ್ಮ ತುಟಿ ಬಿಗಿದು ಇನ್ನೊಂದು ಸಲ ಕೇರುತ್ತಿದ್ದರು. ಯಾರ ಮುಂದೆಯೂ ಬಾಯಿ ಬಿಡುತ್ತಿರಲಿಲ್ಲ. ಗಂಡ ಸತ್ತು, ಮಕ್ಕಳಿಲ್ಲದೆ, ತಮ್ಮನ ಮನೆಯ ಹಿಂದಿನ ಕೋಣೆಯಲ್ಲಿ ವರ್ಷವೆಲ್ಲ ಯಾರಿಗೂ ಬೇಡದವರಂತೆ ಇರುತ್ತಿದ್ದ ಆ ಹೆಂಗಸು, ಈ ಐದು ದಿನ ಮಾತ್ರ ನೆಟ್ಟಗೆ ಕೂರುತ್ತಿದ್ದರು. "ಅಜ್ಜಿ, ಅಕ್ಕಿ ಆಯ್ತಾ?" ಎಂದು ಜನ ಬಂದು ಕೇಳುತ್ತಿದ್ದರು. ಉಳಿದ ದಿನಗಳಲ್ಲಿ ಅವರನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ಮಧ್ಯಾಹ್ನ ಕೆಲಸ ಮುಗಿದ ಮೇಲೆ ನನ್ನೊಳಗೆ ಹಳೆಯ ಸೀರೆ ಹಾಸಿ ಎಳೆಗೂಸುಗಳನ್ನು ಮಲಗಿಸುತ್ತಿದ್ದರು. ಅಕ್ಕಿ ತಣ್ಣಗೆ ಸರಿಯುತ್ತದೆ, ಮಗು ಬೆಚ್ಚಗೆ ಒತ್ತಿ ಮಲಗುತ್ತದೆ. ಎರಡೂ ನನಗೆ ಇಷ್ಟ.

ಹೀಗೆ ಹಲವು ವರ್ಷ ಕಳೆದವು. ಕೃಪಾವತಮ್ಮ ಪೂರ್ತಿ ಅಜ್ಜಿಯಾದರು. ಒಂದು ವರ್ಷ ನನ್ನ ಮೇಲೆ ಬಾಗಿದ ಅವರ ಕಣ್ಣುಗಳಲ್ಲಿ ಹಾಲಿನ ಪೊರೆಯಂಥದ್ದು ಕಂಡಿತು. ಮರುವರ್ಷ ಅದು ದಪ್ಪವಾಯಿತು. ಅದರ ಮುಂದಿನ ವರ್ಷ ಅಜ್ಜಿ ನನ್ನ ಕಡೆ ಮುಖ ಮಾಡಿ ಕೂತರೂ ನನ್ನನ್ನು ನೋಡುತ್ತಿರಲಿಲ್ಲ. ಇದು ನನಗೊಬ್ಬನಿಗೇ ಗೊತ್ತಿತ್ತು. ಅವರು ಕಿವಿಯಿಂದ ಆರಿಸುತ್ತಿದ್ದರು. ಅಕ್ಕಿ ನನ್ನ ಮೇಲೆ ಸರಿದರೆ ಸರಸರ ಎನ್ನುತ್ತದೆ. ನಡುವೆ ಕಲ್ಲಿದ್ದರೆ ಸಣ್ಣಗೆ 'ಟಿಕ್' ಎನ್ನುತ್ತದೆ. ಆ ಸದ್ದಿನ ಜಾಗಕ್ಕೆ ಬೆರಳು ನೇರವಾಗಿ ಹೋಗುತ್ತಿತ್ತು. ಮೂರು ವರ್ಷ ಹಾಗೆ ನಡೆಯಿತು. ಒಂದು ಕಲ್ಲೂ ತಪ್ಪಲಿಲ್ಲ. ಕಣ್ಣಿನ ವಿಷಯ ತಿಳಿದರೆ ಜಾಗ ಹೋಗುತ್ತದೆಂದು ಅಜ್ಜಿ ಯಾರಿಗೂ ಹೇಳಲಿಲ್ಲ.

ಆಮೇಲೆ ಧ್ವನಿವರ್ಧಕ ಬಂತು.

ತಂದವರದು ಒಳ್ಳೆಯ ಮನಸ್ಸು. ಅಡುಗೆಯ ಕಡೆ ದುಡಿಯುವ ಹೆಂಗಸರಿಗೆ ಐದು ದಿನವೂ ಬೋಧನೆ ಕೇಳಲು ಆಗುವುದೇ ಇಲ್ಲ, ಪಾಪ ಎಂದು ಯುವಕರ ಸಂಘದವರು ಒಂದು ದೊಡ್ಡ ಹಾರ್ನನ್ನು ತಂದು, ನಾವು ಕೂರುವ ಹುಣಸೆಮರಕ್ಕೇ ಕಟ್ಟಿದರು. ಹೆಂಗಸರಿಗೆ ಸಂತೋಷವೋ ಸಂತೋಷ. "ಇನ್ಮೇಲೆ ಈರುಳ್ಳಿ ಹೆಚ್ಚುತ್ತಾನೇ ರಕ್ಷಣೆ ಹೊಂದಬಹುದು" ಎಂದ ದಾನಪ್ಪ.

ಬೆಳಿಗ್ಗೆ ಹಾಡು ಶುರುವಾಯಿತು. ನನ್ನ ಬಿದಿರು ಕೂಡ ಅದುರಿತು. ಅಜ್ಜಿಯ ಕೈ ಒಂದು ಗಳಿಗೆ ನಿಂತುಹೋಯಿತು. ತಲೆಯನ್ನು ನನ್ನ ಹತ್ತಿರಕ್ಕೆ ತಂದರು. ಇನ್ನೂ ಹತ್ತಿರಕ್ಕೆ ತಂದರು. ನನ್ನೊಳಗೆ ಕಲ್ಲು 'ಟಿಕ್' ಎನ್ನುತ್ತಲೇ ಇತ್ತು. ಅದು ಅವರಿಗೆ ಮುಟ್ಟಲಿಲ್ಲ. ನನಗೆ ಬಾಯಿಲ್ಲ. ಬೆರಳಿಂದ ಸವರಿ ಸವರಿ ಆರಿಸಿದರು. ಹೊತ್ತು ಮೀರುತ್ತಿತ್ತು, ನೀರು ಕುದಿಯುತ್ತಿತ್ತು. "ಅಜ್ಜಿ, ಆಯ್ತಾ?" ಎಂದು ದಾನಪ್ಪ ಎರಡು ಸಲ ಕೂಗಿದ. ಅಜ್ಜಿ ಅಕ್ಕಿ ಕೊಟ್ಟರು.

ಆ ದಿನ ಮಧ್ಯಾಹ್ನದ ಪಂಕ್ತಿಯಲ್ಲಿ ಬೇರೆ ಊರಿಂದ ಬಂದಿದ್ದ ಬೋಧಕರಿಗೆ ಕಲ್ಲು ಸಿಕ್ಕಿತು. ಕೆನ್ನೆ ಹಿಡಿದುಕೊಂಡು "ಏನಿಲ್ಲ, ಏನಿಲ್ಲ" ಎಂದರಂತೆ. ಪಕ್ಕದವರಿಗೂ ಸಿಕ್ಕಿತು. ಮಕ್ಕಳ ಸಾಲಿನಲ್ಲಿ ಒಂದು ಹುಡುಗಿಯ ಹಾಲುಹಲ್ಲು ಉದುರಿ ಅವಳು ಖುಷಿಪಟ್ಟಳು. ದೊಡ್ಡವರು ಖುಷಿಪಡಲಿಲ್ಲ.

ಊಟ ಮುಗಿದ ಮೇಲೆ ಹೆಂಗಸರು ಮರದಡಿ ಪಾತ್ರೆ ಉಜ್ಜುತ್ತಾ ಕೂತಿದ್ದರು. ನನ್ನೊಳಗೆ ಒಂದು ಕೂಸು ಮಲಗಿತ್ತು. ಅದರ ತಾಯಿ ಶಾಂತಮಣಿ ಬಾವಿಕಟ್ಟೆಗೆ ಹೋಗಿದ್ದಳು. ಅವಳು ಬಂಡೆಪಾಳ್ಯದವಳು. ಆ ಪಾಳ್ಯದವರೆಲ್ಲ ಕ್ವಾರಿಯಲ್ಲಿ ಕಲ್ಲು ಒಡೆಯುವವರು, ಕೂಟಕ್ಕೆ ಬರಲು ಶುರುಮಾಡಿ ಎರಡೇ ವರ್ಷವಾಗಿತ್ತು. ಬಡಿಸುವ ಉಸ್ತುವಾರಿಯ ಸೌಭಾಗ್ಯಮ್ಮ ತಟ್ಟೆ ಉಜ್ಜುತ್ತಾ ಹೇಳಿದರು:

"ಇಷ್ಟು ವರ್ಷ ಇಲ್ದೇ ಇದ್ದ ಕಲ್ಲು ಈಗೆಲ್ಲಿಂದ ಬಂತು ಅಂತೀನಿ. ಬಂಡೆ ಒಡೆಯೋರ ಮನೆ ಅಕ್ಕಿ ಕಣ್ರೇ. ಅದ್ರಲ್ಲಿ ಕಲ್ಲಿರದೆ ಮಲ್ಲಿಗೆ ಹೂ ಇರುತ್ತಾ?"

ಒಬ್ಬಿಬ್ಬರು ನಕ್ಕರು. ತುಂಬಿದ ಬಿಂದಿಗೆ ಹೊತ್ತು ಶಾಂತಮಣಿ ಅವರ ಹಿಂದೆಯೇ ನಿಂತಿದ್ದಳು. ಅವಳು ಜಗಳವಾಡಲಿಲ್ಲ. ಬಿಂದಿಗೆಯನ್ನು ಮೆಲ್ಲಗೆ ಇಳಿಸಿ, ನನ್ನ ಮೇಲೆ ಬಾಗಿ ಕೂಸನ್ನು ಎತ್ತಿಕೊಂಡಳು.

"ನಡಿ ಮಗಾ. ಒಪ್ಪತ್ತು ಉಂಡ್ಕೊಂಡು ಹಿಡಿ ಎತ್ತಿಟ್ಟಿದ್ದೆ. ನಮ್ಮಕ್ಕಿ ಇಲ್ಲಿ ಯಾರ ಹಲ್ಲಿಗೂ ಹಿಡಿಸ್ಲಿಲ್ವಂತೆ."

ಹಾಸಿಗೆ ಸುರುಳಿ ತರಲು ಅವಳು ಬಿಡಾರದ ಕಡೆ ತಿರುಗಿದಳು. ಯಾರೂ "ಇರು" ಎನ್ನಲಿಲ್ಲ.

ಕೃಪಾವತಮ್ಮ ನನ್ನ ಅಂಚನ್ನು ಹಿಡಿದುಕೊಂಡಿದ್ದರು. ಅವರ ಹಿಡಿತ ಬಿಗಿಯಾಯಿತು. ಸುಮ್ಮನಿದ್ದರೆ ಜಾಗ ಉಳಿಯುತ್ತಿತ್ತು. ಕಲ್ಲಿನ ಮಾತು ಬಂಡೆಪಾಳ್ಯದವರ ಜೊತೆ ಹೊರಟು ಹೋಗುತ್ತಿತ್ತು. ನಾಳೆಯೂ ಜನ ಬಂದು "ಅಜ್ಜಿ, ಆಯ್ತಾ?" ಎಂದು ಕೇಳುತ್ತಿದ್ದರು. ಅಜ್ಜಿ ಅದನ್ನೆಲ್ಲ ಯೋಚಿಸಿದರೆಂದು ನನಗೆ ಗೊತ್ತು. ಯೋಚಿಸುವುದಕ್ಕೆ ಅವರು ತೆಗೆದುಕೊಂಡ ಹೊತ್ತು ಚಿಕ್ಕದೇನಲ್ಲ.

"ನಿಂತ್ಕೊಳವ್ವ ಶಾಂತಮಣಿ" ಎಂದರು. "ಕಲ್ಲು ಯಾರ ಮನೆಯಿಂದಾದ್ರೂ ಬರ್ಲಿ. ನಮ್ಮ ತಮ್ಮನ ಮನೆ ಅಕ್ಕಿಲೂ ಇತ್ತು. ಅದನ್ನ ತೆಗೆಯೋ ಕೆಲ್ಸ ನಂದು. ನಾನು ತೆಗೀಲಿಲ್ಲ. ನಂಗೆ ಕಣ್ಣು ಕಾಣಲ್ಲ. ಮೂರು ವರ್ಷ ಆಯ್ತು."

ಮೇಲೆ ಹಾರ್ನೊಂದೇ ಹಾಡುತ್ತಿತ್ತು.

"ಮೂರು ವರ್ಷಾನಾ?" ಸೌಭಾಗ್ಯಮ್ಮನ ಕೈಯಿಂದ ತಟ್ಟೆ ಜಾರಿತು. "ಹೋದ ವರ್ಷ, ಅದರ ಹಿಂದಿನ ವರ್ಷ ಹೆಂಗೆ ಆರಿಸಿದ್ರಿ ಅಜ್ಜಿ?"

"ಕಿವಿಲಿ. ಈ ಸಲ ಅದೂ ಹೋಯ್ತು" ಎಂದು ಅಜ್ಜಿ ಬೆರಳನ್ನು ಮರದ ಮೇಲಿನ ಹಾರ್ನಿನ ಕಡೆ ಎತ್ತಿದರು.

ದಾನಪ್ಪ ಸೌಟು ಹಿಡಿದುಕೊಂಡೇ ಓಡಿ ಬಂದ. "ಒಂದು ಮಾತು ಹೇಳಿದ್ರೆ ಆ ಕಡೆಗೆ ತಿರುಗಿಸ್ತಿದ್ನಲ್ಲ ಅಜ್ಜಿ! ಬಾಯಿ ಇರ್ಲಿಲ್ವಾ?"

"ದೇವರ ವಾಕ್ಯದ ಸದ್ದು ತಗ್ಗಿಸಿ ಅಂತ ಹೆಂಗಪ್ಪ ಹೇಳ್ಲಿ? ಅದೂ ಅಲ್ದೆ, ಯಾಕೆ ಅಂತ ನೀನು ಕೇಳ್ತಿದ್ದೆ."

ದಾನಪ್ಪ ಪಂಚೆ ಎತ್ತಿ ಕಟ್ಟಿ ಅವನೇ ಮರ ಹತ್ತಿದ. ಹಾರ್ನಿನ ಬಾಯಿಯನ್ನು ರಸ್ತೆಯ ಕಡೆ ತಿರುಗಿಸಿದ. ಕೆಳಗೆ ಸೌಭಾಗ್ಯಮ್ಮ ಕಣ್ಣೊರೆಸಿಕೊಳ್ಳುತ್ತಾ ಅಜ್ಜಿಯ ಕೈ ಹಿಡಿದಿದ್ದರು.

"ಸಾಕು ಅಜ್ಜಿ, ನೀವು ದುಡಿದದ್ದು. ನಾಳೆಯಿಂದ ಚಪ್ಪರದಲ್ಲಿ ಮುಂದುಗಡೆ ಕುರ್ಚಿ ಹಾಕಿಸ್ತೀವಿ. ಪಾದ್ರಿ ಅಯ್ಯನೋರ ಕೈಲಿ ಶಾಲು ಹೊದಿಸ್ತೀವಿ. ಆರಾಮಾಗಿ ಕೂತ್ಕೊಳ್ಳಿ."

ಎಲ್ಲರೂ "ಹೌದು, ಹೌದು" ಎಂದರು. ಪ್ರೀತಿಯಿಂದಲೇ ಎಂದರು. ಅಜ್ಜಿ ತಲೆ ಬಗ್ಗಿಸಿದರು. ನನ್ನ ಅಂಚಿನಿಂದ ಅವರ ಬೆರಳುಗಳು ಒಂದೊಂದಾಗಿ ಬಿಟ್ಟವು. ಇಷ್ಟು ವರ್ಷದಲ್ಲಿ ಆ ಬೆರಳುಗಳು ಅಷ್ಟು ತಣ್ಣಗಿದ್ದದ್ದು ನನಗೆ ನೆನಪಿಲ್ಲ.

ಶಾಂತಮಣಿ ಇನ್ನೂ ಅಲ್ಲೇ ನಿಂತಿದ್ದಳು. ಸೊಂಟದಲ್ಲಿ ಕೂಸು, ಮುಖದಲ್ಲಿ ಸಿಟ್ಟು. ಅವಳು ಸೌಭಾಗ್ಯಮ್ಮನನ್ನು ನೋಡಲಿಲ್ಲ, ಅಜ್ಜಿಯ ಖಾಲಿ ಕೈಗಳನ್ನು ನೋಡಿದಳು. ಆಮೇಲೆ ಬಂದು ನನ್ನ ಪಕ್ಕ ಚಕ್ಕಂಬಕ್ಕಲ ಹಾಕಿ ಕೂತಳು.

"ಶಾಲು ಆಮೇಲೆ ಹೊದಿಸೋರಂತೆ. ಸಂಜೆ ಊಟದ ಅಕ್ಕಿ ಯಾರು ಕೇರ್ತಾರೆ? ಅಜ್ಜಿ, ನೀವು ಕೇರಿ, ನಾನು ನೋಡ್ತೀನಿ. ಕಲ್ಲು ಅಂದ್ರೇನು ಅಂತ ನಮ್ಮೋರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಅಜ್ಜಿ ಮೊದಲು ನಕ್ಕರು. ಆಮೇಲೆ ಅತ್ತರು. ಆಮೇಲೆ ನನ್ನನ್ನು ಎತ್ತಿಕೊಂಡರು.

ಆ ಸಂಜೆ ಅಕ್ಕಿ ಸ್ವಲ್ಪ ತಡವಾಯಿತು. ಅಜ್ಜಿಗೆ ಒಬ್ಬರ ಜೊತೆ ಕೆಲಸ ಮಾಡಿ ಅಭ್ಯಾಸವಿರಲಿಲ್ಲ. "ಅಲ್ಲಿ ಒಂದಿದೆ" ಎಂದು ಶಾಂತಮಣಿ ಕೈ ಹಾಕಿದರೆ, "ಗೊತ್ತು ಬಿಡು" ಎಂದು ಸಿಡುಕುತ್ತಿದ್ದರು. ಕೇಳಿಸದ ಕಲ್ಲನ್ನು ಅವಳು ತೆಗೆದಾಗ ನನ್ನನ್ನು ಒಂದಿಷ್ಟು ಅವಳ ಕಡೆ ವಾಲಿಸುತ್ತಿದ್ದರು. ಶಾಂತಮಣಿ ನಾಲ್ಕನೆಯ ದಿನದವರೆಗೂ ಸೌಭಾಗ್ಯಮ್ಮನೊಡನೆ ಮಾತಾಡಲಿಲ್ಲ. ಕೂಸಿನ ಸ್ನಾನಕ್ಕೆಂದು ಸೌಭಾಗ್ಯಮ್ಮ ಬಿಸಿನೀರು ತಂದಿಟ್ಟು, "ನನ್ನ ನಾಲಿಗೆ ಕೆಟ್ಟದು ಕಣೆ" ಎಂದಾಗ, "ನೀರು ಹದವಾಗಿದೆ" ಎಂದಷ್ಟೇ ಹೇಳಿದಳು. ಅಲ್ಲಿಂದ ಮಾತು ಶುರುವಾಯಿತು.

ಆಮೇಲೆ ಇನ್ನೂ ನಾಲ್ಕು ಕೂಟಗಳಲ್ಲಿ ಕೃಪಾವತಮ್ಮ ಆ ಮರದಡಿ ಕೂತರು, ಪಕ್ಕದಲ್ಲಿ ಶಾಂತಮಣಿಯೂ ಕೂತಳು. ಐದನೆಯದಕ್ಕೆ ಅಜ್ಜಿ ಇರಲಿಲ್ಲ. ಅದರ ಹಿಂದಿನ ಕಾರ್ತಿಕ ಮಾಸದ ಚಳಿಯಲ್ಲೇ ತೀರಿಕೊಂಡಿದ್ದರು. ನನ್ನನ್ನು ಸಭೆಯ ದೇವಾಲಯದ ಗೋಡೆಗೆ ನೆನಪಿಗಾಗಿ ತೂಗುಹಾಕೋಣವೆಂದು ಅಯ್ಯನವರ ಹೆಂಡತಿ ಹೇಳಿದರು. "ಗೋಡೆಗೆ ಯಾಕಮ್ಮ ಮೊರ? ಇನ್ನೂ ಗಟ್ಟಿಯಾಗಿದೆ, ಕೊಡಿ" ಎಂದು ಶಾಂತಮಣಿ ಕೇಳಿ ತಂದಳು.

ಈಗ ಗಟ್ಟಿಯಾಗಿಲ್ಲ. ಒಂದು ಮೂಲೆ ಇಲಿ ಕಡಿದಿದೆ, ಅಂಚಿನ ಕಟ್ಟು ಸಡಿಲವಾಗಿದೆ. ಕೂಟಕ್ಕೆ ಬೇರೆ ಮೊರ ಬಂದಿದೆ. ಅದರ ಸುತ್ತ ಈಗ ಯಾವಾಗಲೂ ಇಬ್ಬರು ಕೂರುತ್ತಾರಂತೆ. ನಾನು ಬಂಡೆಪಾಳ್ಯದ ಒಂದು ಹೆಂಚಿನ ಮನೆಯ ಜಗುಲಿಯಲ್ಲಿ ಮೆಣಸಿನಕಾಯಿ ಒಣಗಿಸಿಕೊಂಡು ಬಿದ್ದಿದ್ದೇನೆ.

ಬಿಸಿಲಲ್ಲಿ ಮಲಗಿದವರಿಗೆ ಯೋಚನೆ ಹೆಚ್ಚು. ಅಜ್ಜಿ ಅಂದು ಕಳೆದುಕೊಳ್ಳಲು ಹೆದರಿದ್ದು ಏನನ್ನು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಹೊಗಳಿಕೆಯನ್ನಲ್ಲ. ಶಾಲು ಕೊಟ್ಟರೂ ಅವರಿಗೆ ಬೇಡವಾಗಿತ್ತು. ತಾನಿಲ್ಲದಿದ್ದರೆ ಒಂದು ಕೆಲಸ ನಿಲ್ಲುತ್ತದೆ ಎಂಬ ನಂಬಿಕೆ ಅವರಿಗೆ ಬೇಕಾಗಿತ್ತು. ಅದಕ್ಕಾಗಿ ಮೂರು ವರ್ಷ ಒಬ್ಬರೇ ಕತ್ತಲಲ್ಲಿ ಕೂತರು. ಕೈ ಚಾಚಿದ್ದರೆ ಪಕ್ಕದಲ್ಲೇ ಇನ್ನೊಂದು ಕೈ ಇತ್ತು. ಅದನ್ನು ತಿಳಿಯಲು ಅವರು ಮೊದಲು ಮೊರದ ಅಂಚನ್ನು ಬಿಡಬೇಕಾಯಿತು. ಬಿಟ್ಟರು. ನನ್ನ ಲೆಕ್ಕದಲ್ಲಿ ಅವರು ಮಾಡಿದ ದೊಡ್ಡ ಸೇವೆ ಅದೇ.

ಶಾಂತಮಣಿ ಇಂದೋ ನಾಳೆಯೋ ನನ್ನನ್ನು ಒಲೆಗೆ ಹಾಕುತ್ತಾಳೆ. ಹಾಕಲಿ. ಹಳೆಯ ಬಿದಿರು ಬೇಗ ಉರಿದುಹೋಗುತ್ತದೆ, ಒಂದು ಹೊತ್ತಿನ ಅನ್ನ ಬೇಯುವಷ್ಟು ಕಾವು ನನ್ನಲ್ಲಿಲ್ಲ. ನೀರು ಬೆಚ್ಚಗಾಗುವಷ್ಟು ಉರಿಯುತ್ತೇನೆ. ಮುಂದಿನದನ್ನು ಬೇರೆ ಸೌದೆ ನೋಡಿಕೊಳ್ಳುತ್ತದೆ.