ಕುಲ್ಫಿ ಗಟ್ಟಿಯಾಗುವ ತನಕ

ಕುಲ್ಫಿಯ ಅಚ್ಚುಗಳನ್ನು ಟ್ರೇಲರಿನ ಫ್ರಿಜ್ಜಿನೊಳಗಿಟ್ಟು ಬಾಗಿಲು ಹಾಕುವಾಗ ಶುಭಾಂಗಿ ಅದನ್ನು ಎರಡೆರಡು ಸಲ ಒತ್ತಿ ಬಿಗಿ ಮಾಡಿದಳು. ಹಾಲು ಕುದಿಸಿ ಕುಲ್ಫಿ ಮಾಡುವುದು ಅವಳಿಗೆ ಹೊಸದಲ್ಲ. ಆದರೆ ಈ ಫ್ರಿಜ್ಜಿಗೆ ಬರುವ ಕರೆಂಟು ಅವಳೇ ಮಾಡಿದ್ದು.

"ಸಂಜಿಕ ಕುಲ್ಫಿ ಗಟ್ಟಿ ಇತ್ತಂದ್ರ ಟ್ರೇಲರ್ ನಿಂದು. ನಿನ್ನ ತಂಗಿ ಸಾರಿಕಾನ ಕರಕೊಂಡು ಎಲ್ಲಿ ಬೇಕಲ್ಲಿ ಹೋಗು," ಎಂದಿದ್ದ ಗಂಡ ಅವಿನಾಶ. "ನೀರ ಇತ್ತಂದ್ರ ಬೋರಾಮಣಿ ಊರಿನ ಮಲಕಾಜಪ್ಪಗ ಕೊಟ್ಟಬಿಡೂದು. ದ್ರಾಕ್ಷಿ ತ್ವಾಟದಾಗ ಗೊಬ್ಬರದ ಚೀಲ ಇಡಾಕ ಕೇಳ್ಯಾನ."

"ಗಟ್ಟಿನೋ ನೀರೋ, ಹೇಳಾವ್ರ ಯಾರು?"

"ಅವ್ವ. ಅಕಿನ ಪಂಚ."

ಹಾಸಿಗೆ, ಒಲೆ, ಪುಟ್ಟ ಫ್ರಿಜ್ಜು ಎಲ್ಲ ಇದ್ದ ಆ ಟ್ರೇಲರನ್ನು ಅವಿನಾಶ ಪುಣೆಯಿಂದ ಹಳೆಯದೇ ತಂದಿದ್ದ. ಸೋಲಾಪುರದ ತಮ್ಮ ಅಂಗಡಿಯ ಚಾದರಗಳನ್ನು ಊರೂರಿಗೆ ಒಯ್ದು ಮಾರುವ ಹುಮ್ಮಸ್ಸು ಒಂದು ಮಳೆಗಾಲಕ್ಕೇ ಇಳಿದಿತ್ತು. ಅಂದಿನಿಂದ ಅದು ಕುಂಭಾರಿಯ ಹೊಲದ ಮನೆಗೆ ಒತ್ತಿ ನಿಂತಿತ್ತು. ಅದರ ನೆತ್ತಿಯೂ ಮನೆಯ ಮಾಳಿಗೆಯೂ ಸರಿಸಮ.

ಶುಭಾಂಗಿ ಅಕ್ಕಲಕೋಟೆಯಲ್ಲಿ ತವರುಮನೆಯ ಮಗ್ಗದ ಸದ್ದಿನಲ್ಲಿ ಬೆಳೆದವಳು. ಕಡಿದ ನೂಲಿನ ತುದಿ ಹುಡುಕಿ ಗಂಟು ಹಾಕುವುದು ಬೆರಳಿಗೇ ಗೊತ್ತಿತ್ತು. ವಿಡಿಯೋ ನೋಡಿ ನೋಡಿ, ಕೈಗೆ ಬಿಸಿ ಹತ್ತುತ್ತಿದ್ದ ಹಳೆಯ ಸಣ್ಣ ವೈರುಗಳನ್ನೆಲ್ಲ ಕಿತ್ತು ದಪ್ಪನೆಯವನ್ನು ಎಳೆದಳು. ಟ್ರೇಲರಿನ ನೆತ್ತಿಯ ಮೇಲೆ ಹಳದಿಗಟ್ಟಿದ್ದ ಸೋಲಾರ್ ಫಲಕ ಇಳಿಸಿ ಹೊಸವು ನಾಲ್ಕು ಕೂಡಿಸಿದಳು. ಕೆಲಸ ನಡೆದಷ್ಟು ದಿನವೂ ಫಲಕಗಳಿಗೆ ಅಂಗಡಿಯ ಚಾದರ ಹೊದಿಸಿರುತ್ತಿದ್ದಳು. ಬಿಸಿಲು ಬಿದ್ದರೆ ವೈರಿಗೆ ಕರೆಂಟು ಬರುತ್ತದಲ್ಲ!

ಅವರ ಮನೆಯಲ್ಲಿ ಏನೇ ಕೆಟ್ಟರೂ ಮೊದಲ ಪ್ರಶ್ನೆ, "ಯಾರ ಕೈ ಹಚ್ಚಿದ್ರು?" ಮಿಕ್ಸರಿರಲಿ, ನಳ ಇರಲಿ, ಎಲ್ಲರ ಕಣ್ಣೂ ಅವಳ ಕಡೆಗೇ. ಈ ಸಲ ಒಂದು ವಸ್ತು ನೆಟ್ಟಗೆ ನಡೆಯುತ್ತಿರುವಾಗ ಯಾರಾದರೂ ಹಾಗೆ ಕೇಳಲಿ, ತಾನು "ನಾನ" ಅನ್ನಬೇಕು. ಊರು ನೋಡುವುದಕ್ಕಿಂತಲೂ ಆ ಆಸೆಯೇ ಅವಳಿಗೆ ದೊಡ್ಡದಾಗಿತ್ತು.

ಮಧ್ಯಾಹ್ನದ ತನಕ ಮೀಟರು ಚೆನ್ನಾಗಿಯೇ ಏರಿತು. ಊಟ ಮುಗಿಸಿ ಬಂದು ನೋಡಿದರೆ ಹೆಚ್ಚುಕಡಿಮೆ ಸೊನ್ನೆ. ಫ್ರಿಜ್ಜು ಗಪ್ಪಾಗಿತ್ತು. ಆಕಾಶದಲ್ಲಿ ಒಂದು ಮೋಡವಿಲ್ಲ. ಫ್ಯೂಜು ನೋಡಿದಳು, ಒಂದೊಂದೇ ಜೋಡಣೆ ಹಿಡಿದು ಜಗ್ಗಿದಳು. ಎಲ್ಲ ಬಿಗಿಯಾಗಿತ್ತು. ಹಾಗಾದರೆ ತಪ್ಪು ನನ್ನ ತಲೆಯೊಳಗೇ ಇದೆ ಅನ್ನಿಸಿತು.

ಅವಿನಾಶ ಬಾಗಿಲಿಗೆ ಆತು ನಿಂತಿದ್ದ. "ಯಾರ ಕೈ ಹಚ್ಚಿದ್ರು?"

ಫಲಕಗಳನ್ನು ನೋಡಲು ಅವಳು ಮಾಳಿಗೆ ಹತ್ತಿದಳು.

ಅಲ್ಲಿ ಅತ್ತೆ ಕಸ್ತೂರಬಾಯಿ ಕೊಡೆ ಬಿಚ್ಚಿಕೊಂಡು ಸ್ಟೂಲಿನ ಮೇಲೆ ಕೂತು ಕಾಗೆ ಓಡಿಸುತ್ತಿದ್ದರು. ಎದುರಿಗೆ ಎರಡು ಫಲಕಗಳ ಉದ್ದಕ್ಕೂ ಮಾವನವರ ಬಿಳಿ ದೋತರ. ಅದರ ಮೇಲೆ ಸುರುಳಿ ಸುರುಳಿಯಾಗಿ ಗೋಧಿಹಾಲಿನ ಕುರಡಗಿ ಸಂಡಿಗೆ.

"ಅತ್ತೀ! ಏನ ಮಾಡೀರಿ ಇದು?"

"ಕುರಡಗಿ ಒಣಗಿಸೀನಿ. ಮಾಳಗಿ ತುಂಬ ಧೂಳ. ಇಲ್ಲಿ ನೋಡು, ಕನ್ನಡಿ ಹಂಗ ಸ್ವಚ್ಛ ಜಾಗಾ ಖಾಲಿ ಬಿದ್ದಿತ್ತು."

"ಖಾಲಿ ಅಲ್ರಿ ಅದು! ಅದು ಬಿಸಲ ತಿಂತದ."

"ತಿನ್ಲಿ. ನನ್ನ ಕುರಡಗಿ ಎಷ್ಟ ತಿಂದಾವು?" ಕಸ್ತೂರಬಾಯಿಗೆ ಅರ್ಥವಾಗಲಿಲ್ಲ. "ನೀ ದಿನಾ ಚಾದರ ಹೊಚ್ಚಿ ಮಲಗಸ್ತಿದ್ದಿ. ನಾ ದೋತರ ಹಾಸಿದ್ರ ತಪ್ಪೇನು? ಎರಡ ಬಿಟ್ಟೀನಲ್ಲ ನಿನಗ."

"ನಾಕೂ ಒಂದಕ್ಕೊಂದು ಕೈ ಹಿಡದಂಗ ಜೋಡಿಸೀನ್ರಿ. ಒಂದರ ಮ್ಯಾಲ ನೆಳ್ಳ ಬಿದ್ರ ಎಲ್ಲಾ ಮೆತ್ತಗಾಗ್ತಾವ."

"ಥೇಟ ನಮ್ಮ ಮನಿ. ನನಗ ಜ್ವರ ಬಂದ್ರ ಮನಿಮಂದಿಗೆಲ್ಲ ಉಪಾಸ."

ನಗು ಬಂದರೂ ಶುಭಾಂಗಿಯ ಸಿಟ್ಟು ಇಳಿದಿರಲಿಲ್ಲ. "ಇವತ್ತs ಮಾಡಬೇಕಿತ್ತೇನ್ರಿ? ಇಷ್ಟೊಂದು ಯಾರಿಗೆ?"

"ನಿಮಗ. ದಾರಿ ಮ್ಯಾಲ ಏನ ತಿಂತೀರಿ? ನಿನ್ನ ತಂಗಿಗಿ ನೆಟ್ಟಗ ಚಹಾನೂ ಬರೂದಿಲ್ಲ."

ಶುಭಾಂಗಿ ಬಗ್ಗಿ ದೋತರದ ಒಂದು ತುದಿ ಹಿಡಿದಳು. ಗಂಡ ನಂಬಿರಲಿಲ್ಲ. ನಿಜ ಹೇಳಬೇಕೆಂದರೆ, ತಾನೂ ಪೂರ್ತಿ ನಂಬಿರಲಿಲ್ಲ. ಈ ಪ್ರವಾಸ ಆಗಿಯೇ ತೀರುತ್ತದೆಂದು ಗೋಧಿ ನೆನೆಹಾಕಿದವರು ಇವರೊಬ್ಬರೇ.

"ಹಿಡೀರಿ ಆ ತುದಿ," ಎಂದಳು.

ಕುರಡಗಿ ಕೆಳಗಿನಿಂದ ತಂದ ಮಂಚದ ಮೇಲೆ ಹೋಯಿತು. ದೋತರವನ್ನೂ ಚಾದರವನ್ನೂ ನಾಲ್ಕೂ ಫಲಕಗಳಿಗೆ ಹೊದಿಸಿ, ಅವಳು ವೈರುಗಳನ್ನು ಬಿಚ್ಚಿ ಬೇರೆ ಥರ ಜೋಡಿಸಿದಳು. ಇನ್ನು ಒಂದಕ್ಕೆ ನೆರಳು ಬಿದ್ದರೆ ಉಳಿದವು ತಮ್ಮ ಪಾಡಿಗೆ ದುಡಿಯುತ್ತವೆ. ಕಸ್ತೂರಬಾಯಿ ಒಂದು ಕೈಯಲ್ಲಿ ಸೊಸೆಯ ತಲೆಗೆ ಕೊಡೆ, ಇನ್ನೊಂದರಲ್ಲಿ ನಟ್ಟು ಬಿಗಿಸುವ ಪಾನಾ ಹಿಡಿದು ನಿಂತರು. ಹೊದಿಕೆ ಸರಿಸಿದಾಗ ಕೆಳಗೆ ಫ್ರಿಜ್ಜು ಗುರ್ರೆಂದದ್ದು ಇಬ್ಬರಿಗೂ ಕೇಳಿಸಿತು.

ಸಂಜೆ ಅವಿನಾಶನೇ ಅಚ್ಚು ತೆಗೆದು ಕಡ್ಡಿ ಎಳೆದ. ಅಂಚು ಗಟ್ಟಿಯಾಗಿತ್ತು, ನಡುವೆ ಮೆತ್ತಗಿತ್ತು. ಕಡ್ಡಿ ಬರಿದೇ ಎದ್ದು ಬಂತು.

"ನೀರು!"

"ಪಂಚ ನೀ ಏನು? ಕೊಡಿಲ್ಲಿ," ಎಂದು ಕಸ್ತೂರಬಾಯಿ ಚಮಚೆಯಲ್ಲಿ ಅಂಚನ್ನೇ ಕೆರೆದು ಬಾಯಿಗಿಟ್ಟುಕೊಂಡರು. ಬಹಳ ಹೊತ್ತು ಆಡಿಸಿದರು. "ಗಟ್ಟಿ ಅದ."

"ಅವ್ವಾ, ನಿನ್ನ ಬಾಯಾಗ ಹಲ್ಲ ಎಲ್ಲಿ ಅದಾವ?"

"ಅದಕ್ಕs ಹೇಳಾಕತ್ತೀನಿ ಅವ್ಯಾ, ನನಗ ಭಾಳ ಗಟ್ಟಿ ಅದ."

ಅವಿನಾಶ ನಕ್ಕುಬಿಟ್ಟ. ಉಳಿದದ್ದನ್ನು ತಾನೇ ಬಳಿದು ತಿನ್ನುತ್ತ ಮಲಕಾಜಪ್ಪನಿಗೆ ಫೋನು ಹಚ್ಚಿ, ಗೊಬ್ಬರ ಮನ್ಯಾಗ ಇಟಗೊ ಮಾರಾಯಾ ಎಂದ. ಆಮೇಲೆ ಫ್ರಿಜ್ಜಿನ ಸದ್ದಿಗೆ ಕಿವಿಗೊಟ್ಟು ಕೇಳಿದ, "ಮಧ್ಯಾನ್ನ ಬಂದ್ ಆಗಿತ್ತಲ್ಲ. ಯಾರ ಕೈ ಹಚ್ಚಿದ್ರು?"

"ನಾನ," ಎಂದರು ಅತ್ತೆ, ಸೊಸೆ ಒಮ್ಮೆಲೇ.

ಆಮೇಲೆ ಕಸ್ತೂರಬಾಯಿ ಟ್ರೇಲರಿನೊಳಗೆ ಹೋಗಿ ಕೆಳಗಿನ ಹಾಸಿಗೆಯ ಮೇಲೆ ಕೂತು, ಅದನ್ನು ಅಂಗೈಯಿಂದ ಒತ್ತಿ ನೋಡಿದರು.

"ಇದು ನನಗಿರ್ಲಿ. ಸಾರಿಕಾ ಮ್ಯಾಲ ಏರ್ತಾಳ."